ಗಡಿನಾಡಿನ ಗೂಢಚಾರನೂ ಎರಡು ಕನ್ನಡ ಕೂಟಗಳೂ

ಅಮೆರಿಕ ಇನ್ನೂ ಹೊಸ ದೇಶವಾಗಿದ್ದಾಗ ಅದರ ಪಶ್ಚಿಮದ ಗಡಿಯಲ್ಲಿ ಒಬ್ಬ ಸೇನಾಪತಿಯಿದ್ದ. ತೊಟ್ಟದ್ದು ಅಮೆರಿಕದ ಸಮವಸ್ತ್ರ, ಗುಟ್ಟಾಗಿ ತಿಂದದ್ದು ಸ್ಪೇನಿನ ಸಂಬಳ. ಅನುಮಾನ ಎಲ್ಲರಿಗೂ ಇತ್ತು; ಸಾಬೀತಾದದ್ದು ಅವನು ಸತ್ತು ಎಷ್ಟೋ ಕಾಲವಾದ ಮೇಲೆ. ಧಾರವಾಡದ ಕಾಲೇಜಿನಲ್ಲಿ ನಾನು ಈ ಮಹಾನುಭಾವನ ಪಾಠ ಶುರುಮಾಡಿದಾಗಲೆಲ್ಲ ಗಂಟೆ ಬಾರಿಸಿಬಿಡುತ್ತಿತ್ತು. ನಿವೃತ್ತನಾಗಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿರುವ ಮಗನ ಮನೆ ಸೇರಿದ ಮೇಲೆ ಉಳಿದದ್ದು ಒಂದೇ ಆಸೆ: ಅವನ ಕಥೆಯನ್ನು ಒಮ್ಮೆಯಾದರೂ ಕೊನೆಮುಟ್ಟ ಹೇಳಬೇಕು.

ಇಲ್ಲಿ ಕನ್ನಡ ಕೂಟಗಳು ಎರಡು, ಸ್ಯಾಂಡ್ರಿಂಗಮ್ ಬಡಾವಣೆಯದು ಮತ್ತು ಬಾಟನಿ ಡೌನ್ಸ್ ಬಡಾವಣೆಯದು. ಮೊದಲು ಒಂದೇ ಇತ್ತಂತೆ. ಭಾಷಣ ಊಟಕ್ಕೆ ಮೊದಲೋ ನಂತರವೋ ಎಂಬ ಗಹನವಾದ ಪ್ರಶ್ನೆಯ ಮೇಲೆ ಒಡೆಯಿತು. ಯುಗಾದಿಗೆ ಭಾಷಣ ಮಾಡಬೇಕೆಂದು ಎರಡೂ ಕಡೆಯವರು ನನ್ನನ್ನು ಕೇಳಿದರು. ಸೇನಾಪತಿಯ ಕಥೆಗೆ ಕೊನೆಗೂ ಜಾಗ ಸಿಕ್ಕಿತೆಂದು ಎರಡೂ ಕಡೆ ಒಪ್ಪಿದೆ.

“ಆ ಕಡಿ ಹೋಗೂದಿಲ್ಲ ಹೌದಲ್ರಿ, ಸರ?” ಎಂದು ಎರಡೂ ಕೂಟಗಳ ಅಧ್ಯಕ್ಷರು ಖಾತ್ರಿ ಮಾಡಿಕೊಂಡರು. ನಾನು ಎರಡು ಸಲವೂ ನಕ್ಕೆ. ರಾಜತಾಂತ್ರಿಕ ನಗು.

ಆಮೇಲೆ ಕಪ್ಪಕಾಣಿಕೆ ಶುರುವಾಯಿತು. ಸ್ಯಾಂಡ್ರಿಂಗಮ್ಮಿನ ಅಧ್ಯಕ್ಷರ ಮನೆಯಿಂದ ಶೇಂಗಾ ಚಟ್ನಿಪುಡಿ ಬಂತು. ಬಾಟನಿಯ ಅಧ್ಯಕ್ಷೆ ಸ್ಟೀಲ್ ಡಬ್ಬಿಯಲ್ಲಿ ಹೋಳಿಗೆ ತಂದರು. ಸೇನಾಪತಿಗೆ ಸ್ಪೇನಿನ ಬೆಳ್ಳಿ ಪೀಪಾಯಿಗಳಲ್ಲಿ ಅಡಗಿ ಬರುತ್ತಿತ್ತು. ಬೆಳ್ಳಿಗೆ ತುಪ್ಪ ಸವರಿ ತಿನ್ನಲು ಬರುತ್ತದೆಯೇ?

ಅನಾಹುತವಾದದ್ದು ಹೋಳಿಗೆಯ ಡಬ್ಬಿ ಹಿಂತಿರುಗಿಸುವಾಗ. ನಮ್ಮಲ್ಲಿ ಖಾಲಿ ಡಬ್ಬಿ ಕೊಡುವ ಪದ್ಧತಿಯಿಲ್ಲ. ಮನೆಯಲ್ಲಿ ಬೇರೇನೂ ಮಾಡಿರದ ಕಾರಣ ನನ್ನ ಹೆಂಡತಿ ಸ್ಯಾಂಡ್ರಿಂಗಮ್ಮಿನ ಆ ಚಟ್ನಿಪುಡಿಯನ್ನೇ ತುಂಬಿಕೊಟ್ಟಳು. ಶೇಂಗಾದ ಜೊತೆ ಗುರೆಳ್ಳು ಹುರಿದು ಕುಟ್ಟುವವರು ಈ ಊರಲ್ಲಿ ಒಬ್ಬರೇ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಬಾಟನಿಯ ಅಧ್ಯಕ್ಷೆಗೆ ಗೊತ್ತಿತ್ತು.

ಸಂಜೆಯೇ ಅವರ ಫೋನು. “ಪುಡಿ ಭಾಳ ಛಲೋ ಅದರಿ, ಸರ. ಆ ಕಡಿ ಓಡಾಟ ಯಾವಾಗಿಂದ ನಡದದ?”

“ಓಡಾಟ ಏನಿಲ್ರಿ, ಪುಡಿ ಅಷ್ಟ...”

“ಇರಲಿ ಬಿಡ್ರಿ. ಈ ವರ್ಷ ಆರಾಮ ತಗೋರಿ. ಭಾಷಣ ಮುಂದ ನೋಡೂಣಂತ.”

ಎರಡು ಕೂಟಗಳ ನಡುವೆ ಮಾತು ನಿಂತಿದೆ, ಸುದ್ದಿ ನಿಂತಿಲ್ಲ. ಮರುದಿನ ಸ್ಯಾಂಡ್ರಿಂಗಮ್ಮಿನ ಅಧ್ಯಕ್ಷರು ಕೇಳಿದರು: “ಪ್ರೀತಿಲೆ ಕೊಟ್ಟ ಪುಡಿ ಅವರಿಗೆ ಹಂಚೀರಂತಲ್ರಿ, ಸರ?” ಅಲ್ಲಿ ನನ್ನ ಭಾಷಣಕ್ಕಿಟ್ಟಿದ್ದ ಅರ್ಧ ಗಂಟೆ ಅಂತ್ಯಾಕ್ಷರಿಯ ಪಾಲಾಯಿತು.

“ಆ ಸೇನಾಪತಿ ಪುಣ್ಯಾತ್ಮ ಸಾಯೂತನಕ ಎರಡೂ ಕಡೆ ಉಂಡ, ಸಿಕ್ಕಿಬೀಳಲಿಲ್ಲ,” ಎಂದು ಹೆಂಡತಿಯ ಮುಂದೆ ಗೋಳಾಡಿದೆ.

“ಅವನ ಹೇಣ್ತಿ ಖಾಲಿ ಡಬ್ಬಿ ಕೊಡ್ತಿದ್ಲೇನೋ. ನಾ ಅಂಥಾಕಿ ಅಲ್ಲ,” ಅಂದಳು. ಬಟಾಣಿ ಬಿಡಿಸುತ್ತಿದ್ದವಳು ನನ್ನ ಮುಖ ನೋಡಿ ಕುರ್ಚಿ ತೋರಿಸಿದಳು. “ಕೂಡ್ರಿ. ಏನದು ಕತಿ, ನನಗರ ಹೇಳ್ರಿ.”

ಹೇಳಿದೆ. ಮಿಸಿಸಿಪ್ಪಿ ನದಿ, ಕೋಟೆಗಳು, ಗುಪ್ತಲಿಪಿಯ ಪತ್ರಗಳು, ರಾಯಭಾರಿಗಳ ಪಿಸುಮಾತು, ವಿಚಾರಣೆ, ಖುಲಾಸೆ, ಮರಣ. ಒಮ್ಮೆಯೂ ಆಕಳಿಸದೆ ಕೇಳಿದಳು.

“ಆಕಿಗೆ ಗೊತ್ತಿತ್ತೇನ್ರಿ?”

“ಯಾರಿಗೆ?”

“ಅವನ ಹೇಣ್ತಿಗೆ.”

ಇಷ್ಟು ವರ್ಷ ಪಾಠ ಮಾಡಿದವನಿಗೆ ಅದು ತಿಳಿದಿರಲಿಲ್ಲ. ಆಧಾರಗಳನ್ನು ಪರಿಶೀಲಿಸಿ ಹೇಳುವೆನೆಂದೆ.

“ಆಧಾರ ಯಾಕ ಬೇಕರಿ? ಗೊತ್ತಿದ್ದಽ ಇರ್ತದ,” ಎಂದು ಬಟಾಣಿ ಸಿಪ್ಪೆ ಬಾಚಿಕೊಂಡು ಎದ್ದಳು.