ಧರ್ಮಸ್ಥಳಕ್ಕೆ ಹೋದ ಕಾದಂಬರಿಯ ಅಜ್ಜಿ

ಸಿನಿಮಾ ನೋಡುವ ಮೊದಲು ಪುಸ್ತಕ ಓದಬೇಕು ಎಂದು ನನಗೆ ಹೇಳಿದವರು ಮಿಜಾರಿನ ಕಾಲೇಜಿನ ಲೈಬ್ರರಿ ಮೇಡಂ. ಅಲ್ಲಿ ನಾನು ಅಟೆಂಡರ್. ಒಂದು ಕಾದಂಬರಿ ಸಿನಿಮಾ ಆಗುತ್ತಿದೆ ಎಂಬ ಸುದ್ದಿ ಬಂದಾಗ ಅವರು ಅದರ ಪ್ರತಿಯನ್ನು ನನ್ನ ಕೈಗಿತ್ತು, "ಸಿನಿಮಾ ಬರುವಷ್ಟರಲ್ಲಿ ಮುಗಿಸಿ" ಎಂದರು. ನಲವತ್ತೆರಡನೇ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಪಾಠಪುಸ್ತಕವಲ್ಲದ ಮೊದಲ ಪುಸ್ತಕ ಅದು. ಹೋಂವರ್ಕ್ ಎಂದೇ ತಿಳಿದು ಹಳೇ ಕ್ಯಾಲೆಂಡರಿನ ಹಾಳೆಯಿಂದ ಬೈಂಡ್ ಹಾಕಿದೆ.

ಬಂಟ್ವಾಳದ ಹತ್ತಿರ, ನರಿಕೊಂಬಿನ ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಹೆಂಡತಿ ಬೀಡಿ ಕಟ್ಟುತ್ತಾಳೆ. ಅವಳಿಗೂ ಓದು ಬರುತ್ತದೆ, ನನಗಿಂತ ಬೇಗ. ಆದರೆ ಕೈಗೆ ಬಿಡುವಿಲ್ಲ. ಹಾಗಾಗಿ ನಾನು ಗಟ್ಟಿಯಾಗಿ ಓದುವುದು, ಅವಳು ಬೀಡಿ ಎಲೆ ಸುರುಟುತ್ತ ಕೇಳುವುದು ಎಂದಾಯಿತು.

ನಾನು ಚಿಕ್ಕಂದಿನಿಂದ ತಾಳಮದ್ದಳೆ ಕೇಳಿ ಬೆಳೆದವನು. ಅಲ್ಲಿ ಭಾಗವತರು ಎರಡು ಸಾಲು ಪದ್ಯ ಹಾಡಿದರೆ ಅರ್ಥಧಾರಿ ಕುಳಿತಲ್ಲೇ ಅರ್ಧ ಗಂಟೆ ಅರ್ಥ ಹೇಳುತ್ತಾರೆ. ಪದ್ಯದಲ್ಲಿ ಇಲ್ಲದ್ದೂ ಅದರಲ್ಲಿ ಬರುತ್ತದೆ, ಯಾರೂ ಆಕ್ಷೇಪ ಮಾಡುವುದಿಲ್ಲ. ನಾನೂ ಒಂದು ಪುಟ ಕನ್ನಡದಲ್ಲಿ ಓದಿ, ಆಮೇಲೆ ನಮ್ಮ ತುಳುವಿನಲ್ಲಿ ಅರ್ಥ ಹೇಳುತ್ತಿದ್ದೆ. ಹೆಂಡತಿಗೆ ಅದು ಬೇಕಿರಲಿಲ್ಲ. ನನಗೆ ಬೇಕಿತ್ತು.

ಕತೆಯಲ್ಲಿ ಒಬ್ಬಳು ಅಜ್ಜಿ. ಮೀನಿನ ಸಾರಿಗೆ ಉಪ್ಪು ಕಡಿಮೆಯಾದರೆ ಮೂರು ದಿನ ಮಾತು ಬಿಡುವವಳು. ಹೆಂಡತಿಗೆ ಅವಳೆಂದರೆ ಪ್ರಾಣ. ಅಜ್ಜಿ ಹಾಸಿಗೆ ಹಿಡಿದ ಪುಟ ಬಂದ ದಿನ ಹೆಂಡತಿ ಬೀಡಿ ಎಲೆಯ ಕತ್ತರಿ ಕೆಳಗಿಟ್ಟಳು.

"ನೋಡಿ, ಆ ಅಜ್ಜಿ ಸತ್ರೆ ನಂಗೆ ಮತ್ತೆ ಓದುದು ಬೇಡ. ಪುಸ್ತಕ ವಾಪಸ್ ಕೊಡಿ."

"ಅದೆಂತ ಮಾರಾಯ್ತಿ, ಇನ್ನೂ ನೂರು ಪುಟ ಉಂಟು!"

"ಇರ್ಲಿ."

ಅಜ್ಜಿ ಮರುಪುಟದಲ್ಲೇ ಸತ್ತಿದ್ದಳು. ನಾನು ಆಗಲೇ ಕಣ್ಣಾಡಿಸಿದ್ದೆ. ಮೊದಲ ಪುಸ್ತಕವನ್ನೇ ಅರ್ಧಕ್ಕೆ ಬಿಟ್ಟೆನೆಂದು ಮೇಡಂ ಎದುರು ಹೇಗೆ ಹೇಳುವುದು? ಕೇಳುವವರಿಲ್ಲದೆ ಒಬ್ಬನೇ ಓದುವ ಮನಸ್ಸೂ ಇಲ್ಲ. ಆ ಪುಟ ಓದದೆ ನೇರ ಅರ್ಥಕ್ಕೆ ಇಳಿದೆ. ಅಜ್ಜಿಗೆ ಗುಣವಾಯಿತು, ಹರಕೆ ತೀರಿಸಲು ಧರ್ಮಸ್ಥಳಕ್ಕೆ ಹೋದಳು.

ಅಲ್ಲಿಂದ ಶುರುವಾಯಿತು ನನ್ನ ಕಷ್ಟ.

"ಅಜ್ಜಿ ಬರ್ಲಿಲ್ವಾ ಇನ್ನೂ?"

"ಲಾಡ್ಜಲ್ಲಿ ಯಾರೋ ಪರಿಚಯದವರು ಸಿಕ್ಕಿದ್ದಾರೆ."

"ಅಷ್ಟು ದಿನ ರೂಮು ಯಾರು ಕೊಡ್ತಾರೆ ಮಾರಾಯ್ರೇ?"

ಮರುದಿನವೇ ಅಜ್ಜಿಯನ್ನು ಬೆಳ್ತಂಗಡಿಯಲ್ಲಿ ತಂಗಿಯ ಮನೆಗೆ ಸಾಗಿಸಿದೆ. ಅಲ್ಲಿಂದ ಫೋನಿನಲ್ಲಿ ಸೊಸೆಗೆ ಬೈಯಿಸಿದೆ. ಪುಸ್ತಕದಲ್ಲಿ ಅಜ್ಜಿಯ ಉತ್ತರಕ್ರಿಯೆಯ ಊಟ ಬಂದಾಗ ಅದನ್ನು ಗೃಹಪ್ರವೇಶ ಮಾಡಿಬಿಟ್ಟೆ. ಇತ್ತ ಹೆಂಡತಿ, ಬೀಡಿ ಕೊಡಲು ಹೋಗುವ ಬ್ರಾಂಚಿನಲ್ಲಿ, "ನಮ್ಮವರು ಒಂದಕ್ಷರ ಬಿಡದೆ ಓದ್ತಾರೆ" ಎಂದು ಎಲ್ಲರ ಎದುರು ಹೇಳಿಕೊಂಡು ಬಂದಳು. ಆ ಮಾತು ನನಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗಿಂತ ದೊಡ್ಡದು. ಹೇಗಾದರೂ ಅದನ್ನು ಉಳಿಸಿಕೊಳ್ಳಬೇಕಿತ್ತು.

ಪುಸ್ತಕ ಮುಗಿಯಿತು. ಸಿನಿಮಾ ಮೂಡುಬಿದಿರೆಗೆ ಬಂತು.

"ಭಾನುವಾರ ಹೋಗುವ" ಎಂದಳು ಹೆಂಡತಿ.

"ಪುಸ್ತಕ ಓದಿದ ಮೇಲೆ ಸಿನಿಮಾ ನೋಡ್ಬಾರ್ದು. ಮನಸ್ಸಲ್ಲಿದ್ದದ್ದು ಹಾಳಾಗ್ತದೆ."

"ಮೊದಲು ಓದ್ಬೇಕು, ಮತ್ತೆ ನೋಡ್ಬೇಕು ಅಂತ ತಿಂಗಳಿಡೀ ಹೇಳಿದ್ದು ಯಾರು? ಮೇಡಂ ಹೇಳಿದ್ದಂತೆ!"

"ಅದು... ಕಾಲೇಜಿನವರಿಗೆ."

"ಹಾಗಾದ್ರೆ ನಾನು ಬ್ರಾಂಚಿನವರೊಟ್ಟಿಗೆ ಹೋಗ್ತೇನೆ."

ಅದು ಇನ್ನೂ ಅಪಾಯ. ಅಂಗಿ ಹಾಕಿ ಹೊರಟೆ.

ಇಂಟರ್‌ವಲ್ಲಿಗೆ ಸ್ವಲ್ಪ ಮೊದಲು ಪರದೆಯಲ್ಲಿ ಅಜ್ಜಿ ಸತ್ತಳು. ಹೆಂಡತಿ ಮುಂದಿನ ಸಾಲಿಗೂ ಕೇಳುವಂತೆ, "ಇದೆಂತದು! ಪುಸ್ತಕದಲ್ಲಿ ಹೀಗೆ ಇಲ್ಲ. ಅಜ್ಜಿ ಬೆಳ್ತಂಗಡಿಯಲ್ಲಿದ್ದಾರೆ" ಎಂದಳು.

ಆಚೆ ಸೀಟಿನ ಹೆಂಗಸು ಕಣ್ಣೊರೆಸಿಕೊಂಡು ತಿರುಗಿದರು. "ಹೌದಾ?"

"ಹೌದಕ್ಕಾ. ಇವರು ಒಂದಕ್ಷರ ಬಿಡದೆ ಓದಿದ್ದಾರೆ. ಬೇಕಾದ್ರೆ ಕೇಳಿ."

ಅವರು ಕೇಳಿಯೇ ಬಿಟ್ಟರು. ನಾನು ಕೆಮ್ಮಿದೆ.

ಇಂಟರ್‌ವಲ್ಲಿನಲ್ಲಿ ಚರುಮುರಿ ತೆಗೆದುಕೊಟ್ಟು ಎಲ್ಲ ಒಪ್ಪಿಕೊಂಡೆ. ಅವಳು ಪೊಟ್ಟಣ ಖಾಲಿಯಾಗುವವರೆಗೆ ತಿಂದಳು.

"ಲಾಡ್ಜು?"

"ನಾನೇ ಮಾಡಿದ್ದು."

"ಬೆಳ್ತಂಗಡಿಯ ತಂಗಿ?"

"ಅವಳೂ ಪುಸ್ತಕದಲ್ಲಿಲ್ಲ."

"ಫೋನಲ್ಲಿ ಬೈದದ್ದು?"

"ಅದೂ ನಾನೇ."

"ನಂಗೆ ಆಗ್ಲೇ ಅನಿಸಿತ್ತು" ಎಂದಳು. "ಗೃಹಪ್ರವೇಶದಲ್ಲಿ ಎಲ್ಲರೂ ಅಳುದೆಂತಕ್ಕೆ ಅಂತ."

ಉಳಿದರ್ಧ ನೋಡಿದೆವು. ಬಂಟ್ವಾಳಕ್ಕೆ ಮರಳುವ ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ನನಗೆ ತಡೆಯಲಿಲ್ಲ.

"ಬ್ರಾಂಚಲ್ಲಿ ಎಂತ ಹೇಳ್ತಿ?"

"ಹೇಳ್ತೇನೆ. ನಮ್ಮವರು ಪುಸ್ತಕದಲ್ಲಿ ಇಲ್ಲದ್ದನ್ನೂ ಓದ್ತಾರೆ ಅಂತ."

ಮರುದಿನ ಸಂಜೆ ಬೀಡಿ ಎಲೆ ಮುಟ್ಟುವ ಮೊದಲು ಅವಳೇ ಪುಸ್ತಕ ತಂದು, ಅಜ್ಜಿ ಹಾಸಿಗೆ ಹಿಡಿದ ಪುಟ ಹುಡುಕಿ ನನ್ನ ಕೈಗೆ ಕೊಟ್ಟಳು. "ಇಲ್ಲಿಂದ ಓದಿ. ಅರ್ಥ ಬೇಡ."

ಓದಿದೆ. ಒಂದಕ್ಷರವನ್ನೂ ಬಿಡಲಿಲ್ಲ. ಪುಟ ತಿರುಗಿಸಿದ ಮೇಲೆ ಎರಡು ಸಾಲು ಹೋಗುವಷ್ಟರಲ್ಲಿ ಓದು ನಿಲ್ಲಿಸಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡೆ. ಎಷ್ಟೋ ಸಂಜೆ ನಾನೇ ನೋಡಿಕೊಂಡ ಅಜ್ಜಿಯಲ್ಲವೇ. ಹೆಂಡತಿಯ ಕತ್ತರಿ ಮಾತ್ರ ಎಲೆಯಂಚಿನಲ್ಲಿ ನಡೆಯುತ್ತಲೇ ಇತ್ತು. ತಲೆ ಎತ್ತದೆ ಕೇಳಿದಳು:

"ಎಂತ, ಅಜ್ಜಿಗೆ ಧರ್ಮಸ್ಥಳದ ಬಸ್ಸು ಸಿಗ್ಲಿಲ್ವಾ?"