ಕೊಕ್ಕರೆಗೆ ನಿಲ್ಲದವರು

ಪಕ್ಕದ ಮನೆಯ ಅಂಕಲ್ ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಎಷ್ಟೋ ವರ್ಷಗಳ ಹಿಂದೆ ಒಂದು ಅಂಗಡಿಯ ಫ್ರೀಜರ್ ಬಾಗಿಲಿಗೆ ಸಿಕ್ಕಿ ಜಜ್ಜಿಹೋಗಿತ್ತಂತೆ. ಆ ಸೀಳಿನೊಳಗೆ ಗಾಳದ ನೂಲಿನ ಒಂದು ತುದಿಯನ್ನು ಸಿಕ್ಕಿಸಿಕೊಂಡು, ಇನ್ನೊಂದು ಕೈಯಿಂದ ಅವರು ಗಂಟು ಹಾಕುತ್ತಿದ್ದರು. ಮೀನು ಸಿಕ್ಕಿದರೆ, ಅದನ್ನು ಮುಟ್ಟುವ ಮೊದಲು ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ನದಿಯಲ್ಲಿ ಅದ್ದುತ್ತಿದ್ದರು. ಒಣಗಿದ ಕೈಯಿಂದ ಹಿಡಿದರೆ ಟ್ರೌಟ್ ಮೀನಿನ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಆಮೇಲೆ ನೀರಿಗೆ ಬಿಟ್ಟರೂ ಅದು ಬದುಕುವುದಿಲ್ಲ ಎನ್ನುತ್ತಿದ್ದರು.

ಇದನ್ನು ಬರೆಯಲು ಕಾರಣವಿದೆ. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ನನಗೆ ಒಂದೇ ಒಂದು ಪ್ರಶ್ನೆ ಕೇಳಿದರು. ನಾನು ಸುಳ್ಳು ಹೇಳಿದೆ.

ಮಿಲ್ ಕ್ರೀಕ್ ಎಂಬ ಈ ಪರದೇಶದ ಊರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಮರದ ಬೇಲಿ. ನಾನು ಅವರನ್ನು ಅಂಕಲ್ ಎಂದೇ ಕರೆಯುತ್ತಿದ್ದೆ, ಅವರ ಹೆಂಡತಿಯನ್ನು ಆಂಟಿ ಎಂದು. ಇಬ್ಬರೂ ಮಂಗಳೂರಿನ ಕಡೆಯ ಕ್ರೈಸ್ತರು. ಅಂಕಲ್ ಅಂಗಡಿಗಳ ಶೀತಕೋಣೆಗಳನ್ನು ರಿಪೇರಿ ಮಾಡುವ ಕೆಲಸ ಮಾಡಿ ನಿವೃತ್ತರಾಗಿದ್ದರು. ನಾನು ಗದಗಿನವಳು. ಆ ವರ್ಷ ಏಪ್ರಿಲ್‌ನಲ್ಲಿ ನನ್ನ ಕೆಲಸ ಹೋಗಿತ್ತು. ಹಗಲು ಹೊತ್ತು ನಾನು ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕುಳಿತಿರುವುದನ್ನು ಅವರು ಕೆಲವು ದಿನ ನೋಡಿದರು. ಆಮೇಲೆ ಬೇಲಿಯ ಮೇಲೆ ಎರಡೂ ಮೊಣಕೈ ಊರಿ ಕೇಳಿದರು.

"ಕೆಲಸ ಹೋಯ್ತಂತೆ?"

"ಹೌದ್ರಿ ಅಂಕಲ್."

"ಹಾಗಾದ್ರೆ ಮಂಗಳವಾರ ಪುರುಸೊತ್ತು ಉಂಟಲ್ಲ. ಮೀನು ಹಿಡಿಲಿಕ್ಕೆ ಹೋಗುವ."

"ನಮ್ಮನ್ಯಾಗ ತತ್ತಿನೂ ತಿನ್ನಂಗಿಲ್ರಿ."

"ತಿನ್ಲಿಕ್ಕೆ ಯಾರು ಹೇಳಿದ್ದು? ಆ ನದಿಯಲ್ಲಿ ಹಿಡಿದದ್ದನ್ನು ವಾಪಸ್ ಬಿಡ್ಬೇಕು, ಕಾನೂನು ಉಂಟು. ನಿನ್ನಂಥವರಿಗೇ ಮಾಡಿಟ್ಟ ನದಿ ಮಾರಾಯ್ತಿ."

ಅಂದು ಸಂಜೆ ಆಂಟಿ ಒಂದು ಡಬ್ಬಿ ನೀರುದೋಸೆ ಹಿಡಿದುಕೊಂಡು ಬಂದರು. ಡಬ್ಬಿಯನ್ನು ನನ್ನ ಕೈಗೆ ಕೊಟ್ಟರೂ ತಾವು ಹಿಡಿದ ಹಿಡಿ ಬಿಡಲಿಲ್ಲ.

"ಅವರಿಗೆ ಎಪ್ಪತ್ತೊಂದು ಆಯ್ತು. ಒಬ್ಬರೇ ನೀರಿಗಿಳಿಯುವುದು ಬೇಡ ಅಂದ್ರೆ ಕೇಳುವುದಿಲ್ಲ. ಈಗ ನೀನು ಹೋಗ್ತಿ ಅಂದ್ರೆ ನನಗೆ ಧೈರ್ಯ. ಆದ್ರೆ ನೀನು ಮೀನು ನೋಡ್ಲಿಕ್ಕೆ ಹೋಗ್ಬೇಡ. ಅವರನ್ನು ನೋಡು."

ನೋಡುತ್ತೇನೆ ಎಂದು ಮಾತು ಕೊಟ್ಟೆ.

ನಾವು ಹೋಗುತ್ತಿದ್ದುದು ಸ್ನೊಕ್ವಾಲ್ಮಿ ನದಿಯ ಮೂರು ಕವಲುಗಳಲ್ಲಿ ನಡುವಿನದಕ್ಕೆ. ಮನೆಯಿಂದ ಒಂದು ಗಂಟೆಯ ದಾರಿ. ಬೆಟ್ಟಗಳ ನಡುವೆ ರಸ್ತೆ ತಿರುಗಿದೊಡನೆ ಫೋನಿನ ಸಿಗ್ನಲ್ ಹೋಗುತ್ತದೆ. ಹಿಮ ಕರಗಿದ ನೀರು ಜೂನ್‌ನಲ್ಲೂ ಮೂಳೆ ಕೊರೆಯುತ್ತದೆ. ಎದೆಮಟ್ಟದ ರಬ್ಬರ್ ಪ್ಯಾಂಟ್ ತೊಟ್ಟು, ಎಡಗೈಯಲ್ಲಿ ಊರುಗೋಲು ಹಿಡಿದು, ಅವರು ಪ್ರತಿ ಹೆಜ್ಜೆಗೂ ಮೊದಲು ಕೋಲಿನಿಂದ ತಳದ ಕಲ್ಲನ್ನು ತಟ್ಟಿ ನೋಡುತ್ತಿದ್ದರು. ಗಾಳಕ್ಕೆ ಕಟ್ಟುತ್ತಿದ್ದುದು ಹಕ್ಕಿಪುಕ್ಕ ಮತ್ತು ದಾರದಿಂದ ತಾವೇ ಮಾಡಿದ ಪುಟ್ಟ ಹುಳು. ಅದನ್ನು ಅವರು ಸುಳ್ಳುನೊಣ ಎನ್ನುತ್ತಿದ್ದರು.

ಮೊದಲ ದಿನ ಅವರಿಗೆ ಸಿಕ್ಕ ಟ್ರೌಟ್ ಅಂಗೈಗಿಂತ ಸ್ವಲ್ಪ ಉದ್ದವಿತ್ತು. "ನಮ್ಮ ಕಡೆ ಇದನ್ನು ಬೆಕ್ಕಿಗೆ ಹಾಕಿದ್ರೆ ಬೆಕ್ಕು ಬೈತದೆ," ಎಂದರು. ಹಾಗೆ ಹೇಳುತ್ತಲೇ ಅದನ್ನು ಎಷ್ಟು ಹಗುರವಾಗಿ ಹಿಡಿದಿದ್ದರೆಂದರೆ, ಸೀಳಿದ ಉಗುರು ಅದರ ಮೈಗೆ ತಾಗದಂತೆ ಹೆಬ್ಬೆರಳನ್ನು ಹಿಂದಕ್ಕೆ ಮಡಚಿದ್ದರು.

ಜೂನ್‌ನ ಎರಡನೆಯದೋ ಮೂರನೆಯದೋ ಮಂಗಳವಾರ ಕಾಡಿನ ಕಾಲುದಾರಿಯಲ್ಲಿ ನಡೆಯುತ್ತಿದ್ದೆವು. ಅಂಕಲ್ ನಿಂತರು. ನಾನು ನನ್ನ ಪಾಡಿಗೆ ಮಾತಾಡುತ್ತ ಅವರನ್ನು ದಾಟಿ ಹೋದೆ. ಅವರು ಹಿಂದಿನಿಂದ ನನ್ನ ಬೆನ್ನುಚೀಲ ಹಿಡಿದು ಎಳೆದರು. ಹತ್ತು ಹೆಜ್ಜೆ ಮುಂದೆ, ದಾರಿಯ ಎಡಕ್ಕೆ, ಕುದುರೆಯಷ್ಟು ಎತ್ತರದ ಒಂದು ಎಲ್ಕ್ ಜಿಂಕೆ ನಿಂತಿತ್ತು. ಬಲಕ್ಕೆ ಜರೀಗಿಡಗಳ ನಡುವೆ ಅದರ ಮರಿ. ನಾನು ಅವೆರಡರ ನಡುವೆ ನಡೆದುಹೋಗುವುದರಲ್ಲಿದ್ದೆ. ತಾಯಿ ಮುಂಗಾಲಿನಿಂದ ಒಮ್ಮೆ ನೆಲ ಕುಟ್ಟಿತು. ನಾವು ಅಲುಗಾಡಲಿಲ್ಲ. ಮರಿ ಎದ್ದು ದಾರಿ ದಾಟಿತು.

ಕಾರಿನ ಬಳಿ ಬಂದ ಮೇಲೆ ಅವರು ನಿಯಮ ಹೇಳಿದರು. "ಒಬ್ಬರು ನಿಂತ್ರೆ ಇನ್ನೊಬ್ಬರೂ ನಿಲ್ಬೇಕು. ಎಂತ, ಎಲ್ಲಿ ಅಂತ ಕೇಳ್ಲಿಕ್ಕೆ ಇಲ್ಲ. ಮೊದಲು ನಿಂತವರು ಅಲುಗಾಡುವವರೆಗೆ ಅಲ್ಲೇ. ಗೊತ್ತಾಯ್ತಾ?"

ಗೊತ್ತಾಯಿತು. ಆ ಬೇಸಿಗೆಯೆಲ್ಲ ನಾನು ಆ ನಿಯಮವನ್ನು ಒಂದು ಸಲವೂ ಮುರಿಯಲಿಲ್ಲ.

ನಿಂತದ್ದರಿಂದಲೇ ಎಷ್ಟೋ ನೋಡಿದೆ. ಆಚೆ ದಡದಲ್ಲಿ ಒಂದು ಕರಿ ಕರಡಿ ಮನುಷ್ಯರ ಹಾಗೆ ಕುಳಿತು ಪೊದೆಯ ಕೊಂಬೆಗಳನ್ನು ಬಾಯಿಗೆ ಎಳೆದುಕೊಂಡು ಹಣ್ಣು ತಿನ್ನುತ್ತಿತ್ತು. ಒಂದು ನೀರುನಾಯಿ ಅಂಕಲ್ ಗಾಳದಲ್ಲಿದ್ದ ಮೀನನ್ನು ಅವರ ಕಾಲ ಬುಡದಲ್ಲೇ ಕಚ್ಚಿಕೊಂಡು ಹೋಯಿತು. "ಅವನಿಗೆ ಕಾನೂನು ಇಲ್ಲ," ಎಂದು ಅವರು ಖಾಲಿ ನೂಲು ಸುತ್ತಿಕೊಂಡರು. ನೀರಿನ ನಡುವಿನ ಕಲ್ಲಿನ ಮೇಲೆ ನಿಂತು ಬಸ್ಕಿ ಹೊಡೆಯುವ ಒಂದು ಬೂದು ಹಕ್ಕಿಯಿತ್ತು. ಅದಕ್ಕೆ ಡ್ರಿಲ್ ಮಾಸ್ತರು ಎಂದು ಹೆಸರಿಟ್ಟಿದ್ದರು.

ಅವರು ನಿಲ್ಲದೆ ಹೋಗುತ್ತಿದ್ದುದು ಕೊಕ್ಕರೆಗೆ ಮಾತ್ರ. ನದಿ ತಿರುಗುವಲ್ಲಿ, ಜಲ್ಲಿಯ ದಿಬ್ಬದ ಮೇಲೆ, ಒಂದು ಎತ್ತರದ ಬೂದು ಕೊಕ್ಕರೆ ಹೆಚ್ಚುಕಡಿಮೆ ಪ್ರತಿ ವಾರವೂ ಇರುತ್ತಿತ್ತು. ಮೊದಲ ಸಲ ನಾನು ನಿಂತು ನೋಡಿದ್ದಕ್ಕೆ ಗದರಿದ್ದರು. "ಅವನು ನಮ್ಮ ಕಸುಬಿನವನು. ಕಸುಬಿನವನ ಮುಖ ನೋಡ್ತಾ ನಿಂತ್ರೆ ಇಬ್ಬರದ್ದೂ ಕೆಲಸ ಹಾಳು. ನಡಿ."

ಜುಲೈನಲ್ಲಿ ನನ್ನ ಗಾಳಕ್ಕೆ ಮೊದಲ ಮೀನು ಸಿಕ್ಕಿತು. ಗಂಟಲ ಕೆಳಗೆ ಕುಂಕುಮ ಎಳೆದಂತೆ ಎರಡು ಗೆರೆಗಳಿದ್ದವು. ಕೈ ಅದ್ದಲು ನಾನು ಮರೆತಿರಲಿಲ್ಲ. ಗಾಳ ಬಿಡಿಸಿ, ನೀರಿಗೆ ಬಿಟ್ಟು, ಕೈ ಹಿಂತೆಗೆಯಲು ಹೋದೆ. ಮೀನು ಮಗುಚಿ ಹೊಟ್ಟೆ ಮೇಲಾಯಿತು.

"ಕೈ ತೆಗೀಬೇಡ," ಎಂದರು ಅಂಕಲ್. "ಹೊಳೆ ಬರುವ ಕಡೆಗೆ ತಲೆ ಮಾಡಿ ಹಿಡ್ಕೋ. ಅದಕ್ಕೆ ಉಸಿರು ಬರ್ಲಿ. ನೀನು ಬಿಡುವುದಲ್ಲ, ಅದೇ ಹೋಗ್ಬೇಕು."

ನನ್ನ ಬೆರಳುಗಳು ಮರಗಟ್ಟುವವರೆಗೆ ಹಿಡಿದಿದ್ದೆ. ಅದು ಒಮ್ಮೆ ಬಾಲ ಆಡಿಸಿ, ಹೋಯಿತು. ಏಪ್ರಿಲ್‌ನಿಂದ ನಾನು ಅತ್ತಿರಲಿಲ್ಲ. ಆಗ ಅತ್ತೆ. ಅಂಕಲ್ ನನ್ನತ್ತ ನೋಡದೆ, ಹತ್ತು ಮಾರು ಆಚೆ ಹೋಗಿ, ಸುಳ್ಳುನೊಣ ಬದಲಿಸುತ್ತ ನಿಂತರು. ಅದು ಬದಲಿಸಬೇಕಾಗಿದ್ದ ನೊಣವಲ್ಲ ಎಂಬುದು ನನಗೂ ತಿಳಿದಿತ್ತು.

ಆಗಸ್ಟ್‌ನಿಂದ ಅವರು ನಿಲ್ಲುವುದು ಹೆಚ್ಚಾಯಿತು. ನಾನೂ ನಿಲ್ಲುತ್ತಿದ್ದೆ. ಕಾಡನ್ನೆಲ್ಲ ಕಣ್ಣಿನಲ್ಲಿ ಜಾಲಾಡುತ್ತಿದ್ದೆ. ಏನೂ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರು ಕೋಲನ್ನು ಕಲ್ಲಿಗೆ ಕುಟ್ಟಿ ಮುಂದೆ ಹೆಜ್ಜೆಯಿಡುತ್ತಿದ್ದರು.

"ಏನಿತ್ರಿ ಅಂಕಲ್?"

"ಕಾಡುಬೆಕ್ಕು. ಹೋಯ್ತು. ನೀನು ನೋಡ್ಲಿಲ್ವಾ?"

"ಇಲ್ರಿ."

"ನಿನ್ನದು ಬಯಲುಸೀಮೆಯ ಕಣ್ಣು. ಕಾಡಿನಲ್ಲಿ ಪ್ರಯೋಜನ ಇಲ್ಲ."

"ನಮ್ಮ ಕಣ್ಣು ಅರ್ಧ ಮೈಲಿ ದೂರದ ಬಸ್ಸಿನ ಬೋರ್ಡ್ ಓದ್ತಾವ್ರಿ."

"ಬಸ್ಸು ಅಡಗಿ ಕೂತ್ಕೊಳ್ಳುವುದಿಲ್ಲ ಮಾರಾಯ್ತಿ."

ಹೀಗೆ ಮೂರು ಸಲ, ನಾಲ್ಕು ಸಲ. ಕಾಡುಬೆಕ್ಕು, ಮುಂಗುಸಿಯಂಥದ್ದೊಂದು, ಒಂದು ಗೂಬೆ. ನನಗೆ ನಾಚಿಕೆಯಾಯಿತು. ಸೆಪ್ಟೆಂಬರ್ ಮೊದಲ ವಾರ ಕಣ್ಣಿನ ಡಾಕ್ಟರ ಬಳಿ ಹೋಗಿ, ಪರೀಕ್ಷೆ ಮಾಡಿಸಿಕೊಂಡು, ಹೊಸ ಕನ್ನಡಕ ಹಾಕಿಸಿಕೊಂಡು ಬಂದೆ. ಅಂಕಲ್ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. "ಒಳ್ಳೇದು," ಎಂದಷ್ಟೇ ಹೇಳಿ ಹಿಂದಕ್ಕೆ ಕೊಟ್ಟರು.

ಕೊನೆಯ ದಿನ ಸೆಪ್ಟೆಂಬರ್ ಕೊನೆಯ ಮಂಗಳವಾರ. ಬಿಸಿಲಿತ್ತು. ನೀರು ಇಳಿದಿತ್ತು. ಅಂಕಲ್ ನನಗಿಂತ ಹದಿನೈದು ಹೆಜ್ಜೆ ಮೇಲೆ, ಹೊಳೆ ಬರುವ ಕಡೆ, ಮೊಣಕಾಲಮಟ್ಟದ ನೀರಿನಲ್ಲಿದ್ದರು. ಬೆನ್ನು ನನ್ನ ಕಡೆಗಿತ್ತು. ಎಡಗೈಯಲ್ಲಿ ಊರುಗೋಲು, ಬಲಗೈಯಲ್ಲಿ ಗಾಳದ ಕೋಲು. ಅವರು ನಿಂತರು. ನಾನೂ ನಿಂತೆ.

ಆಚೆ ದಡ ನೋಡಿದೆ. ಬಿದ್ದ ಮರಗಳ ಬುಡ ನೋಡಿದೆ. ಆಮೇಲೆ ಜಲ್ಲಿಯ ದಿಬ್ಬದ ಮೇಲೆ ಕೊಕ್ಕರೆ ಕಂಡಿತು. ಅದೂ ಅಲುಗಾಡದೆ ನಿಂತಿತ್ತು. ಇದಕ್ಕೇ ನಿಂತಿದ್ದಾರೆ ಎಂದುಕೊಂಡೆ. ಹೊಸ ಕನ್ನಡಕದಲ್ಲಿ ಅದರ ಕತ್ತಿನ ಮೇಲಿನ ಕಪ್ಪು ಚುಕ್ಕೆಗಳು ಒಂದೊಂದೂ ಕಾಣುತ್ತಿದ್ದವು. ನನಗೆ ಖುಷಿಯಾಗಿತ್ತು. ಅದನ್ನೂ ಬರೆಯಬೇಕು. ನಾನು ಖುಷಿಯಲ್ಲಿದ್ದೆ.

ಆಮೇಲೆ ನೀರಿನಲ್ಲಿ ಅವರ ಗಾಳದ ಕೋಲು ತೇಲಿಕೊಂಡು ನನ್ನತ್ತ ಬಂತು. ನಾನು ಬಾಗಿ ಮೊದಲು ಅದನ್ನು ಹಿಡಿದೆ. ಹಿಡಿದ ಮೇಲೆ ತಲೆ ಎತ್ತಿದೆ. ಅಂಕಲ್ ನೀರಿನಲ್ಲಿ ಕುಳಿತಿದ್ದರು.

ದಡಕ್ಕೆ ಎಳೆದುಕೊಂಡು ಬಂದೆ. ಕೂಗಿದೆ. ನಾಯಿಯೊಂದಿಗೆ ನಡೆಯಲು ಬಂದಿದ್ದ ಗಂಡ ಹೆಂಡತಿ ಓಡಿ ಬಂದರು. ಗಂಡ ಸಿಗ್ನಲ್ ಸಿಗುವ ಜಾಗಕ್ಕೆ ಕಾರು ಓಡಿಸಿಕೊಂಡು ಹೋದ. ಆಕೆ ಅಂಕಲ್ ಎದೆ ಒತ್ತುತ್ತಲೇ ಇದ್ದಳು. ಅವಳಿಗೆ ಸೋತಾಗ ನಾನು ಒತ್ತಿದೆ. ಉಳಿದ ಹೊತ್ತೆಲ್ಲ ಅವರ ಬಲಗೈ ಹಿಡಿದಿದ್ದೆ. ಇಬ್ಬರ ಕೈಯೂ ಒದ್ದೆಯಾಗಿತ್ತು. ಕೈ ತೆಗೆಯಲಿಲ್ಲ. ಆಂಬುಲೆನ್ಸಿನವರು ಬಂದು ನನ್ನ ಬೆರಳುಗಳನ್ನು ತಾವೇ ಬಿಡಿಸಿದರು.

ಅಂತ್ಯಕ್ರಿಯೆ ಮುಗಿಸಿ ಚರ್ಚಿನಿಂದ ಬಂದ ದಿನ ಆಂಟಿ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಬೀಳುವ ಮೊದಲು ನಿಂತಿದ್ರಾ?"

"ಇಲ್ರಿ ಆಂಟಿ. ನಡಕೋತ ಇದ್ದವ್ರು ಒಮ್ಮೆಲೇ ಕುಂತ್ರು. ನಿಂದರಲಿಲ್ರಿ."

ಅವರು ತಲೆಯಾಡಿಸಿದರು. ಮತ್ತೆ ಕೇಳಲಿಲ್ಲ.

ಎಷ್ಟು ಹೊತ್ತು ನಿಂತಿದ್ದೆ ಎಂಬುದು ನನಗೆ ತಿಳಿಯಬೇಕಿತ್ತು. ಒಂದು ಗುರುತು ನೆನಪಿತ್ತು. ನಿಂತಾಗ ಮರದ ನೆರಳು ಒಂದು ಬಿಳಿ ಕಲ್ಲಿನ ಅಂಚನ್ನು ಮುಟ್ಟಿತ್ತು. ನಾನು ಕೋಲು ಹಿಡಿಯಲು ಬಾಗಿದಾಗ ಕಲ್ಲು ಪೂರ್ತಿ ನೆರಳಿನಲ್ಲಿತ್ತು. ಮುಂದಿನ ವಾರ ಬಿಸಿಲು ಬಿದ್ದ ದಿನ ಒಬ್ಬಳೇ ಹೋಗಿ ಅದೇ ಜಾಗದಲ್ಲಿ ನಿಂತೆ. ಕೊಕ್ಕರೆ ಇರಲಿಲ್ಲ. ನೆರಳು ಕಲ್ಲನ್ನು ಪೂರ್ತಿ ಮುಚ್ಚಲು ಏಳು ನಿಮಿಷ.

ಅದನ್ನು ಇಟ್ಟುಕೊಂಡು ಒಂದು ತಿಂಗಳು ಇದ್ದೆ. ಬೇಲಿಯಾಚೆ ಆಂಟಿ ಒಬ್ಬರೇ ಬಟ್ಟೆ ಹರವುವುದು ಕಾಣುತ್ತಿತ್ತು. ಅವರು ನನಗೆ ಹೇಳಿದ್ದು ಒಂದೇ ಕೆಲಸ. ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ಹೋಗಿ ಅವರ ಎದುರು ಕುಳಿತು ಎಲ್ಲ ಹೇಳಿದೆ. ನಿಯಮ, ಕೊಕ್ಕರೆ, ತೇಲಿ ಬಂದ ಕೋಲು, ಬಿಳಿ ಕಲ್ಲು. "ಕೊಕ್ಕರೆಗೆ ಅವರು ಎಂದೂ ನಿಂತವರಲ್ರಿ ಆಂಟಿ. ನನಗದು ಗೊತ್ತಿತ್ತು. ಗೊತ್ತಿದ್ದೂ ನಿಂತೆ."

ಆಂಟಿ ಮೇಜಿನ ಮೇಲಿನ ಬಟ್ಟೆಯನ್ನು ನೇರ ಮಾಡಿದರು.

"ಆಗಸ್ಟಿನಲ್ಲಿ ಇಲ್ಲಿ ಮೆಟ್ಟಿಲಲ್ಲಿ ನಿಂತ್ರು," ಎಂದರು. "ಎಂತಾಯ್ತು ಅಂತ ಕೇಳಿದೆ. ಕಿಟಕಿಯಲ್ಲಿ ಅಳಿಲು ಉಂಟು ನೋಡು ಅಂದ್ರು. ನಾನು ಅಳಿಲು ಹುಡುಕಿದೆ. ಆಮೇಲೆ ಒಂದ್ಸಲ ಚರ್ಚಿನ ಪಾರ್ಕಿಂಗಿನಲ್ಲಿ. ಗಿಡುಗ ಅಂದ್ರು. ನಾನು ಆಕಾಶ ನೋಡಿದೆ."

"ಗಿಡುಗ ಇತ್ರಿ?"

"ಇರ್ಲಿಲ್ಲ." ಆಮೇಲೆ ಹೇಳಿದರು: "ಎದೆನೋವು ಅಂದಿದ್ರೆ ನಾನು ನದಿಗೆ ಬಿಡ್ತಾ ಇರ್ಲಿಲ್ಲ. ಅದು ಅವರಿಗೆ ಗೊತ್ತುಂಟು. ಅದಕ್ಕೇ ನಿನ್ನ ಹತ್ರ ಕೇಳಿದ್ದು, ನಿಂತಿದ್ರಾ ಅಂತ. ನೀನು ಇಲ್ಲ ಅಂದಾಗ ನನಗೆ ಸ್ವಲ್ಪ ಸಮಾಧಾನ ಆಗಿತ್ತು."

ಆ ಸಮಾಧಾನವನ್ನು ನಾನು ಅವರಿಂದ ಕಿತ್ತುಕೊಂಡೆ. ಸತ್ಯ ಹೇಳಿದ್ದು ಸರಿಯೇ ಎಂದು ನನಗೆ ಇವತ್ತಿಗೂ ಖಚಿತವಿಲ್ಲ. ಅವರು ಎದ್ದು ಚಹಾಕ್ಕೆ ನೀರಿಟ್ಟರು. ಬೆನ್ನು ನನ್ನ ಕಡೆಗಿತ್ತು. "ನೀನಾದ್ರೂ ಏಳು ನಿಮಿಷ," ಎಂದರು. "ನಾನು ಎರಡು ತಿಂಗಳು ಮಾರಾಯ್ತಿ."

ಕಾಡುಬೆಕ್ಕು ಇತ್ತೋ ಇಲ್ಲವೋ. ಗೂಬೆ ಇತ್ತೋ ಇಲ್ಲವೋ. ಕರಡಿಯನ್ನು, ನೀರುನಾಯಿಯನ್ನು ಇಬ್ಬರೂ ನೋಡಿದ್ದೆವು, ಅವು ನಿಜ. ಉಳಿದವುಗಳ ಹೊತ್ತಿನಲ್ಲಿ ನಾನು ಮರಗಳನ್ನು ನೋಡುತ್ತಿದ್ದೆ. ಹೊಸ ಕನ್ನಡಕವನ್ನು ಅವರು ಕೈಯಲ್ಲಿ ತಿರುಗಿಸುತ್ತ ನಗದೆ ನಿಂತಿದ್ದು ಈಗ ಪದೇ ಪದೇ ಕಣ್ಣಮುಂದೆ ಬರುತ್ತದೆ.

ಈಗ ಮಂಗಳವಾರಗಳಂದು ಆಂಟಿ ಮತ್ತು ನಾನು ಮನೆ ಹತ್ತಿರದ ನಾರ್ತ್ ಕ್ರೀಕ್ ಎಂಬ ಹಳ್ಳದ ಪಕ್ಕದ ದಾರಿಯಲ್ಲಿ ನಡೆಯುತ್ತೇವೆ. ಹೋದ ವಾರ ಅವರು ಇದ್ದಕ್ಕಿದ್ದಂತೆ ನಿಂತರು. ನೀರಿನಲ್ಲಿ ಏನೋ ಪಟಪಟನೆ ರೆಕ್ಕೆ ಬಡಿಯಿತು. ನಾನು ಅತ್ತ ನೋಡಲಿಲ್ಲ. ಅವರ ಎದುರಿಗೆ ಹೋಗಿ ಎರಡೂ ತೋಳು ಹಿಡಿದು ಮುಖ ನೋಡಿದೆ.

"ಎಂತ ಇಲ್ಲ," ಎಂದರು ಆಂಟಿ. "ಶೂಸಿನಲ್ಲಿ ಕಲ್ಲು."

ಅವರು ನನ್ನ ಹೆಗಲಿಗೆ ಕೈ ಊರಿ, ಒಂಟಿ ಕಾಲಿನಲ್ಲಿ ನಿಂತು, ಶೂ ಕಳಚಿ ಕೊಡವಿದರು. ಚಿಕ್ಕ ಕಲ್ಲು ನಿಜವಾಗಿಯೂ ಬಿತ್ತು. ಅದು ನೆಲ ಮುಟ್ಟುವುದನ್ನು ನೋಡಿದ ಮೇಲೆಯೇ ನಾನು ಅವರ ತೋಳು ಬಿಟ್ಟೆ.