ಅರ್ಧ ಮಾತ್ರೆ

ಕಾಫಿ ಪಾತ್ರೆಯನ್ನು ಒಲೆಗಿಡುವ ಮೊದಲು ದೆಸಾಂಕಾ ಸಂತ ನಿಕೋಲನ ಪಟದೆದುರು ಶಿಲುಬೆಯ ಗುರುತು ಹಾಕಿಕೊಂಡು, ಹೆಬ್ಬೆರಳ ಉಗುರಿನಿಂದ ಮಾತ್ರೆಯೊಂದನ್ನು ಮುರಿಯುತ್ತಿದ್ದಳು. ಅರ್ಧ ನಾಲಿಗೆಯಡಿಗೆ, ಉಳಿದರ್ಧ ಜೇಬಿಗೆ. ಗಂಡ ಸತ್ತ ಮೇಲೆ ಹನ್ನೊಂದು ವರ್ಷ ಇದೊಂದು ತಪ್ಪಿರಲಿಲ್ಲ. ಅದಿಲ್ಲದಿದ್ದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ ಎಂದು ಅವಳ ನಂಬಿಕೆ. ಲೆಸ್ಕೊವಾತ್ಸ್ ಊರಿನ ಆ ಹಳೇ ಕಟ್ಟಡದಲ್ಲಿ ಹೆಂಗಸರು ಸಕ್ಕರೆಯ ಹಾಗೆಯೇ ನೆಮ್ಮದಿಯ ಮಾತ್ರೆಯನ್ನೂ ಕೈಗಡ ಕೊಡುತ್ತಿದ್ದರು. ದೆಸಾಂಕಾಗೆ ಕೊಡುತ್ತಿದ್ದವಳು ಎದುರುಮನೆಯ ರುಮೆಂಕಾ.

ಮಗಳು ವೆಸ್ನಾ ಮಾತ್ರ ಖಡಾಖಂಡಿತ ಹೇಳಿದ್ದಳು. "ಅದನ್ನ ಬಿಡೋವರೆಗೂ ಮಗೂನ ನಿನ್ ಕೈಗೆ ಕೊಡಲ್ಲಮ್ಮ. ನೀನು ತೂಕಡಿಸ್ತಾ ಕೂತಿರುವಾಗ ಅವ್ಳು ಒಲೆ ಹತ್ರ ಹೋದ್ರೆ?" ಈಸ್ಟರ್ ಮುಗಿದೊಡನೆ ವೆಸ್ನಾ ಕೆಲಸಕ್ಕೆ ಮರಳಬೇಕಿತ್ತು. ದೆಸಾಂಕಾ ಮಾತ್ರೆ ಬಿಡದಿದ್ದರೆ ಎರಡು ವರ್ಷದ ಮೊಮ್ಮಗಳು ದೂರದ ಬೀಗಿತ್ತಿಯ ಮನೆಗೆ.

ಈಸ್ಟರಿಗೆ ನಾಲ್ಕು ದಿನವಿರುವಾಗ ರುಮೆಂಕಾ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಬಂದಳು.

"ಬೈಬೇಡ ಅಕ್ಕಾ. ಡಬ್ಬಿ ಅದಲುಬದಲಾಗಿದೆ. ಈಸ್ಟರ್ ಉಪವಾಸ ಶುರುವಾದಾಗಿಂದ, ಆರು ವಾರ, ನಿಂಗೆ ಕೊಟ್ಟಿದ್ದು ನಮ್ಮೆಜಮಾನ್ರ ವಿಟಮಿನ್ನು!"

"ಸುಮ್ನಿರೇ."

"ದೇವ್ರಾಣೆ. ನಿನ್ ಮಾತ್ರೆ ನುಂಗಿ ಅವ್ರು ಟಿವಿ ಮುಂದೆ ಗೊರಕೆ ಹೊಡೀತಿದ್ರು. ವಯಸ್ಸಾಯ್ತು ಪಾಪ ಅಂದ್ಕೊಂಡಿದ್ದೆ. ನಿಂಗೇನೂ ಆಗ್ಲಿಲ್ವಾ?"

ಮೊದಲ ವಾರ ಬೆವರು, ಚಡಪಡಿಕೆ ಇತ್ತು. ಉಪವಾಸದ್ದು ಎಂದುಕೊಂಡಿದ್ದಳು. ಆಮೇಲೆ ಎಂದಿನಂತೆ ನಿದ್ದೆ ಬಂದಿತ್ತು, ಕೈಯೂ ನಡುಗಿರಲಿಲ್ಲ.

ರುಮೆಂಕಾ ನಕ್ಕಳು. ದೆಸಾಂಕಾಗೆ ನಗು ಬರಲಿಲ್ಲ, ಸಂತೋಷವೂ ಆಗಲಿಲ್ಲ. ಹನ್ನೊಂದು ವರ್ಷದ ಆಯಾಸವೆಲ್ಲ ಒಮ್ಮೆಲೇ ಹೆಗಲ ಮೇಲೆ ಕೂತಂತಾಯಿತು.

ಮಾರನೆಯ ಬೆಳಿಗ್ಗೆ ಮುರಿಯಲು ಏನೂ ಇರಲಿಲ್ಲ. ಹೇಳಿ ಕಳಿಸಿದ ಹಾಗೆ ಎದೆ ಹೊಡೆದುಕೊಂಡಿತು, ಕೈ ನಡುಗಿ ಕಾಫಿ ತಟ್ಟೆಗೆ ತುಳುಕಿತು. ಇಷ್ಟು ದಿನ ಇಲ್ಲದ್ದು ಗೊತ್ತಾದ ಕೂಡಲೇ ಬಂತಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಬೇಸರ ಬಂತು. ಪಟದ ಕಡೆ ನೋಡಿದಳು. ಶಿಲುಬೆಯ ಗುರುತು ಹಾಕಿಕೊಂಡು ತಟ್ಟೆ ಒರೆಸಿದಳು.

ರುಮೆಂಕಾ ಒಳಗೆ ಬಂದವಳೇ ಹೊಸ ಮಾತ್ರೆಪಟ್ಟಿಯನ್ನು ಮೇಜಿನ ಮೇಲಿಟ್ಟಳು. "ಈ ಸಲ ಅಸಲೀದು, ನಾನೇ ಓದಿ ನೋಡಿದೀನಿ. ನೋಡು ನಿನ್ ಕೈ ಹೇಗಾಡ್ತಿದೆ! ಅರ್ಧ ತಗೋ. ವೆಸ್ನಾಗೆ ಯಾರು ಹೇಳ್ತಾರೆ?"

ದೆಸಾಂಕಾ ಪಟ್ಟಿಯನ್ನು ಬೆರಳಿಂದ ಅವಳ ಕಡೆಗೇ ಮೆಲ್ಲಗೆ ಸರಿಸಿದಳು.

"ಬೇಡ ಕಣೇ. ನಡುಗಿದ್ರೆ ನಡುಗ್ಲಿ. ನೀನು ಕೂತ್ಕೊ, ಕಾಫಿ ಆರ್ತಿದೆ."